ಕಾಯಿಸದ ಬಣ್ಣ

ಅಕ್ಕನ ಕಾರಿನ ಸೈಲೆನ್ಸರ್‌ಗೆ ಬಣ್ಣ ಹೊಡೆದ ಮೇಲೆ ನಾನು ಅದನ್ನು ಕಾಯಿಸಲಿಲ್ಲ. ಬಿಸಿ ತಡೆಯುವ ಬಣ್ಣ ಒಣಗಿದರೆ ಸಾಲದು. ಸ್ವಲ್ಪ ಹೊತ್ತು ಎಂಜಿನ್ ಓಡಿಸಿ, ಆರಲು ಬಿಟ್ಟು, ಮತ್ತೆ ಓಡಿಸಿ, ಅದರ ಹೊಗೆಯೆಲ್ಲ ಹೋಗುವ ತನಕ ಕಾಯಬೇಕು. ನಾನು ಓದಿದ್ದು ಏಳನೇ ಕ್ಲಾಸು. ಇದನ್ನು ತಿಳಿಯಲು ಅಷ್ಟೂ ಬೇಕಿಲ್ಲ. ಕಡಕೊಳದ ಕಾರ್ಖಾನೆಯಲ್ಲಿ ನನ್ನ ಕೆಲಸವೇ ಬಣ್ಣ ಹೊಡೆಯುವುದು.

ಆ ಭಾನುವಾರ ವಿದ್ಯಾರಣ್ಯಪುರಂನಲ್ಲಿ ಅಕ್ಕನ ಮನೆ ಮುಂದೆ ಕಾರಿನಡಿ ಮಲಗಿ ತುಕ್ಕು ಉಜ್ಜಿದೆ, ಬಣ್ಣ ಹೊಡೆದೆ. ಅಷ್ಟರಲ್ಲಿ ಒಳಗಿನಿಂದ ಅಕ್ಕ, "ಮುದ್ದೆ ಆರೋಗತ್ತೆ, ಬಾರೋ" ಎಂದು ಕೂಗಿದಳು. ಉಂಡೆ, ಮಲಗಿದೆ, ಎದ್ದು ಹೊರಟೆ.

"ಎಲ್ಲಾ ಆಯ್ತೇನೋ?"

"ಆಯ್ತಕ್ಕ."

ಅಕ್ಕನ ಕಾರು ಹಳೆಯದು, ಲೈಸೆನ್ಸ್ ಹೊಸದು. ಮುಂದಿನ ವಾರದ ತನಕ ಕಾರು ನಿಂತೇ ಇತ್ತು. ಆಮೇಲೆ ಭಾವನನ್ನೂ ನನ್ನನ್ನೂ ಕೂರಿಸಿಕೊಂಡು ಅವಳು ಮೊದಲ ಸಲ ಚಾಮುಂಡಿ ಬೆಟ್ಟಕ್ಕೆ ಹೊರಟಳು. ಚೆನ್ನಾಗಿಯೇ ಓಡಿಸಿದಳು. ಅರ್ಧ ದಾರಿಯಲ್ಲಿ ಕಾರಿನಡಿಯಿಂದ ಹೊಗೆ ಎದ್ದಿತು. ಭಾವ ಚಪ್ಪಲಿ ಕಾರಿನಲ್ಲೇ ಬಿಟ್ಟು ಇಳಿದು ಓಡಿದರು.

"ಕ್ಲಚ್ ಸುಟ್ಟಾಕ್ಬುಟ್ಯಲ್ಲೇ! ನಿಂಗ್ಯಾಕ್ ಬೇಕಿತ್ತು ಇದೆಲ್ಲ?" ಎಂದು ದೂರದಿಂದಲೇ ಕೂಗಿದರು.

ಅದು ಬಣ್ಣದ ವಾಸನೆ. ದಿನವೂ ಮೂಗಿಗೆ ಹತ್ತುವ ವಾಸನೆ ನನಗೆ ಗೊತ್ತಾಗದೆ ಇರುತ್ತದೆಯೇ? ಅಕ್ಕ ನನ್ನ ಮುಖ ನೋಡಿದಳು. ನಾನು ಕೆಳಗೆ ಕಾಣುತ್ತಿದ್ದ ಊರು ನೋಡಿದೆ.

ಹೊಗೆ ನಿಂತ ಮೇಲೆ ಭಾವ ಓಡಿಸಿಕೊಂಡು ಇಳಿದರು. ಬಣ್ಣ ಅಷ್ಟರಲ್ಲಿ ತಾನೇ ಕಾದು ಗಟ್ಟಿಯಾಗಿತ್ತು, ಮತ್ತೆ ಹೊಗೆ ಬರಲಿಲ್ಲ. ಭಾವ ಅದನ್ನು ತಮ್ಮ ಕೈಗುಣವೆಂದು ತಿಳಿದರು.

ಅಂದಿನಿಂದ ಅಕ್ಕ ಕಾರಿನ ಕೀಲಿ ಮುಟ್ಟಲಿಲ್ಲ. ತರಕಾರಿಗೂ ಆಟೋದಲ್ಲೇ ಹೋಗುತ್ತಿದ್ದಳು. ನಾನು ಆ ಮನೆಗೆ ಹೋದಾಗಲೆಲ್ಲ ಉಂಡು ಬರುತ್ತಿದ್ದೆ, ಬಣ್ಣದ ವಿಷಯ ಹೇಳಿ ಬರುತ್ತಿರಲಿಲ್ಲ.

ಮೊನ್ನೆ ಭಾವ ಕಾರು ಕೊಳ್ಳುವವರೊಬ್ಬರನ್ನು ಕರೆತಂದರು. ನಾನೂ ಅಲ್ಲಿದ್ದೆ.

"ಗಾಡಿ ಚೆನ್ನಾಗೈತೆ ಕಣ್ರೀ. ನಮ್ಮನೇವ್ರಿಗೆ ಕೈ ಹತ್ಲಿಲ್ಲ. ಬೆಟ್ಟದಲ್ಲಿ ಹೊಗೆ ಎಬ್ಬಿಸ್ಬುಟ್ರು" ಎಂದು ಭಾವ ನಕ್ಕರು. ಬಂದವರೂ ನಕ್ಕರು. ಅಕ್ಕ ಒಳಗಿಂದ ಕೀಲಿ ತಂದು ಚಾಚಿದಳು.

"ಕೊಡ್ಬೇಡಕ್ಕ" ಅಂದೆ. "ಭಾವ, ಆ ಹೊಗೆ ಕ್ಲಚ್ಚಿಂದಲ್ಲ, ನಾನು ಹೊಡೆದ ಬಣ್ಣದ್ದು. ಕಾಯಿಸದೆ ಊಟಕ್ಕೆ ಹೋಗ್ಬುಟ್ಟೆ."

ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು.

"ಅವತ್ತೇ ಗೊತ್ತಿತ್ತೇನೋ ನಿಂಗೆ?"

"ಗೊತ್ತಿತ್ತಕ್ಕ. ಬಾಯಿ ಬಿಡ್ಲಿಲ್ಲ. ನೀನು ಚೆನ್ನಾಗೇ ಓಡಿಸ್ದೆ, ತಪ್ಪು ನಂದು. ಕ್ಷಮಿಸ್ಬುಡಕ್ಕ."