ಒಂದು ರೊಟ್ಟಿಗೆ ಎಂಬತ್ತು ಹೆಜ್ಜೆ

ಮನುಷ್ಯನು ತನ್ನ ಸ್ವಾತಂತ್ರ್ಯವನ್ನು ಯಾವ ಗಳಿಗೆಯಲ್ಲಿ ಕಳೆದುಕೊಳ್ಳುತ್ತಾನೆ ಎಂಬುದು ತಿಳಿದವರು ಕೂತು ಚಿಂತಿಸಬೇಕಾದ ಗಹನವಾದ ವಿಷಯ. ನಾನು ಕಳೆದುಕೊಂಡದ್ದು ಯಾದಗಿರಿಯ ಒಂದು ಮೊಬೈಲ್ ಅಂಗಡಿಯಲ್ಲಿ, ಸಂಜೆ ನಾಲ್ಕರ ಸುಮಾರಿಗೆ, ಚಾರ್ಜರ್ ಕೊಳ್ಳಲು ಹೋದಾಗ.

ಅಂಗಡಿಯವನು ನನ್ನ ಹಳೆಯ ಚಾರ್ಜರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಸತ್ತ ಇಲಿಯನ್ನು ನೋಡುವಂತೆ ನೋಡಿ, "ಇದರ ಪಿನ್ನು ಈಗ ಬರಂಗಿಲ್ರಿ ಕಾಕಾ. ಫೋನೇ ಬದಲ್ ಮಾಡಿಬಿಡ್ರಿ" ಎಂದ. ಜೊತೆಗೆ ಬಂದಿದ್ದ ನನ್ನ ಮಗಳು ಈ ಮಾತಿಗೇ ಕಾದಿದ್ದವಳಂತೆ ತಲೆಯಾಡಿಸಿದಳು. ಅವಳು ಸುರಪುರದಲ್ಲಿ ಹೈಸ್ಕೂಲು ಶಿಕ್ಷಕಿ. ಅವಳ ಕೈಯಲ್ಲಿ ಆಗಲೇ ಒಂದು ಕಂಪನಿಯ ಫೋನಿತ್ತು.

"ಮೂರೂ ಮಂದಿದು ಒಂದೇ ಕಂಪನಿದು ಇದ್ರ ಚಲೋ ಅಪ್ಪಾ," ಎಂದಳು. "ಒಂದಕ್ಕೊಂದು ಮಾತಾಡ್ತಾವ."

ಹಾಗೆ ಮಾತಾಡುವುದನ್ನು ಅನುಕೂಲವೆಂದು ಯಾರಾದರೂ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಮ್ಮ ಕಚೇರಿಯಲ್ಲಿ ಇಬ್ಬರು ತಮ್ಮತಮ್ಮಲ್ಲೇ ಮಾತಾಡಿಕೊಂಡರೆ ಮೂರನೆಯವನಿಗೆ ವರ್ಗಾವಣೆಯಾಗುತ್ತಿತ್ತು.

ನಾನು ಶಹಾಪುರದಲ್ಲಿ ಸರಕಾರದ ದಾಖಲೆ ಕೋಣೆಯ ಗುಮಾಸ್ತನಾಗಿ ಮೂವತ್ತೊಂದು ವರ್ಷ ಇದ್ದವನು. ನಿಜಾಮರ ಕಾಲದ ಉರ್ದು ಕಾಗದಗಳಿಂದ ಹಿಡಿದು ನಿನ್ನೆಯ ಪಹಣಿಯವರೆಗೆ ಎಲ್ಲವೂ ನನ್ನ ಬೀಗದ ಕೈಯ ಹಿಂದಿತ್ತು. ಅರ್ಜಿಯಿಲ್ಲದೆ, ಸ್ಟಾಂಪಿಲ್ಲದೆ ಯಾರಿಗೂ ಒಂದಕ್ಷರ ಮಾಹಿತಿ ಕೊಟ್ಟವನಲ್ಲ. ಅಂಥವನ ಹೆಬ್ಬೆಟ್ಟನ್ನು ಆ ಅಂಗಡಿಯವನು ಹಿಡಿದು ಗಾಜಿಗೆ ಒತ್ತಿಸಿಕೊಂಡ. ಆಮೇಲೆ ನನ್ನ ಪರವಾಗಿ ತಾನೇ ಚಕಚಕನೆ 'ಒಪ್ಪಿದೆ, ಒಪ್ಪಿದೆ' ಎಂದು ಒತ್ತುತ್ತ ಹೋದ.

"ಯಾವುದಕ್ಕ ಒಪ್ಪಿದ್ನಪಾ ನಾ?" ಎಂದು ಕೇಳಿದೆ.

"ಎಲ್ಲಾದಕ್ಕೂ ರೀ ಕಾಕಾ."

ಹೀಗೆ ಕಂಪನಿ ನಮ್ಮ ಮನೆ ಹೊಕ್ಕಿತು. ಮೊದಲು ನನಗೂ ನನ್ನ ಹೆಂಡತಿಗೂ ಒಂದೊಂದು ಫೋನು. ಫೋನಿಗೆ ಬೇರೆಯವರ ಚಾರ್ಜರ್ ಹಾಕಿದರೆ 'ಇದು ನಮ್ಮದಲ್ಲ' ಎಂದು ಮುಖ ಸಿಂಡರಿಸುತ್ತಿದ್ದುದರಿಂದ ಅದರದೇ ಚಾರ್ಜರ್. ಆಮೇಲೆ ಕಿವಿಗೆ ಸಿಕ್ಕಿಸುವ ಬಡ್ಸ್. ಫೋಟೋಗಳನ್ನು ಎಲ್ಲೋ ಮೇಲೆ, ಯಾರೂ ಕಾಣದ ಜಾಗದಲ್ಲಿ ಕಾಯ್ದಿಡುವ ಒಂದು ಸೇವೆ. ಮೂವರನ್ನೂ ಸೇರಿಸಿ ಒಂದು 'ಕುಟುಂಬ' ಎಂದು ಕಂಪನಿ ದಾಖಲು ಮಾಡಿಕೊಂಡಿತು. ಅದರ ಮುಖ್ಯಸ್ಥೆ ಮಗಳು. ಹುಟ್ಟಿಸಿದವನು ಸದಸ್ಯ.

ನನ್ನ ಸಂಶಯ ಶುರುವಾದದ್ದು ಬಿಸ್ಕೀಟಿನಿಂದ. ಹೆಂಡತಿಗೆ ಸಕ್ಕರೆ ಕಾಯಿಲೆ ಇದೆಯೆಂದು ಯಾದಗಿರಿಯ ವೈದ್ಯರು ಹೇಳಿದ ದಿನ ಸಂಜೆ ಅಡುಗೆಮನೆಯಲ್ಲಿ ಕೂತು ಅದೇ ಮಾತಾಡಿದೆವು. ಮರುದಿನ ಬೆಳಿಗ್ಗೆ ನನ್ನ ಫೋನಿನಲ್ಲಿ ಸಕ್ಕರೆಯಿಲ್ಲದ ಬಿಸ್ಕೀಟಿನ ಜಾಹೀರಾತು ನಗುತ್ತ ಕೂತಿತ್ತು. ಅಂದಿನಿಂದ ಮನೆಯ ಮುಖ್ಯ ಮಾತುಗಳನ್ನು ಆಡುವ ಮೊದಲು ಎರಡೂ ಫೋನುಗಳನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕುವ ಪದ್ಧತಿ ತಂದೆ.

"ಹಿಟ್ಟಿನ್ಯಾಗ ಫೋನ್ ಇಡಬ್ಯಾಡ್ರಿ," ಎಂದಳು ಹೆಂಡತಿ. "ಮಾತು ಕೇಳಿದ್ರ ಕೇಳ್ಲಿ. ನಾವೇನ್ ರಾಜಕೀಯ ಮಾಡಾಕತ್ತೀವೇನು?"

ಆದರೆ ಸಂಬಂಧಿಕರ ಮದುವೆಯೊಂದಕ್ಕೆ ಹೋದ ಮೇಲೆ ಅವಳಿಗೂ ಸಂಶಯ ಬಂತು. ಕಂಪನಿಯ ಮೇಲಲ್ಲ, ನನ್ನ ಮೇಲೆ. ಆ ದಿನ ಊಟದ ಸಾಲಿನ ಒಂದು ಫೋಟೋ ತೆಗೆದಿದ್ದೆ. ಕೈ ತೊಳೆದು ಬರುವಷ್ಟರಲ್ಲಿ ಸುರಪುರದಿಂದ ಮಗಳ ಫೋನು.

"ಅವ್ವಾ, ಎರಡೆರಡು ಶೇಂಗಾ ಹೋಳಗಿ ಯಾಕ ಹಾಕಿಸ್ಕೊಂಡಿ?"

ಹೆಂಡತಿ ಫೋನಿಟ್ಟು ನನ್ನನ್ನು ನೋಡಿದಳು. ಫೋಟೋ ತಾನಾಗಿಯೇ ಕುಟುಂಬದ ಆಲ್ಬಮ್ಮಿಗೆ ಹೋಗುತ್ತದೆಂದು, ನಾನು ಯಾರಿಗೂ ಏನೂ ಹೇಳಿಲ್ಲವೆಂದು, ಬೇಕಾದಷ್ಟು ವಿವರಿಸಿದೆ.

"ಫೋಟೋ ತಾನ ನಡ್ಕೊಂತ ಹೋತೇನ್ರಿ ಸುರಪುರಕ್ಕ?" ಎಂದಳು. "ನೀವ ಹೇಳೀರಿ."

ಮೂವತ್ತೊಂದು ವರ್ಷದ ನನ್ನ ಬಾಯಿಬಿಗಿತಕ್ಕೆ ಸಂದ ಗೌರವ ಇದು.

ವೈದ್ಯರು ಅವಳಿಗೆ ದಿನಾ ಒಂದು ತಾಸು ನಡೆಯಬೇಕೆಂದು ಹೇಳಿದ್ದರು. ಮಗಳು ಅದೇ ಕಂಪನಿಯ ಎರಡು ವಾಚು ತಂದಳು. ಅವು ಹೆಜ್ಜೆ ಎಣಿಸುವ ವಾಚು. ಒಂದನ್ನು ಅವ್ವನ ಬಲಗೈಗೆ ಬಳೆಗಳ ಹಿಂದೆ ಕಟ್ಟಿದಳು, ಒಂದನ್ನು ನನ್ನ ಎಡಗೈಗೆ. ನಮ್ಮಿಬ್ಬರ ಹೆಜ್ಜೆಗಳ ಲೆಕ್ಕ ಮೂವರ ಫೋನಿನಲ್ಲೂ ಕಾಣುವಂತೆ ವ್ಯವಸ್ಥೆಯಾಯಿತು.

ಹೆಂಡತಿ ನಡೆದದ್ದು ಒಂದೇ ದಿನ. ನಮ್ಮೂರಲ್ಲಿ ಎದುರು ಬಂದವರನ್ನು "ಎಲ್ಲಿಗಿ ಹೊಂಟ್ರಿ?" ಎಂದು ಕೇಳದೆ ಯಾರೂ ಮುಂದೆ ಹೋಗುವುದಿಲ್ಲ. ಅದು ನಮಸ್ಕಾರವಿದ್ದ ಹಾಗೆ. ಆದರೆ ಉತ್ತರ ಮಾತ್ರ ಕೊಡಲೇಬೇಕು. ಎಲ್ಲಿಗೂ ಇಲ್ಲ, ಸುಮ್ಮನೆ ಹೊರಟಿದ್ದೇನೆ ಎಂದು ಗೃಹಿಣಿಯೊಬ್ಬಳು ಹೇಳುವ ಹಾಗಿಲ್ಲ; ಹೇಳಿದರೆ ಮನೆಯಲ್ಲಿ ಜಗಳವಾಗಿದೆ ಎಂದು ಓಣಿ ತೀರ್ಮಾನಿಸುತ್ತದೆ. ಮೊದಲನೆಯವರಿಗೆ ಅವಳು "ಅಂಗಡಿಗ್ರಿ" ಎಂದಳು. ಹೇಳಿದ ಮೇಲೆ ಅಂಗಡಿಗೆ ಹೋಗಲೇಬೇಕಾಯಿತು. ಎರಡನೆಯವರಿಗೆ "ಗುಡಿಗ್ರಿ" ಎಂದಳು. ತಾಸಿನ ಮೇಲೆ ಮನೆಗೆ ಬಂದಾಗ ಅವಳ ಕೈಯಲ್ಲಿ ಕಡ್ಡಿಪೆಟ್ಟಿಗೆ, ಕುಂಕುಮದ ಪೊಟ್ಟಣ ಮತ್ತು ಒಂದು ತೆಂಗಿನಕಾಯಿ ಇದ್ದವು.

"ಕೆಲಸಿಲ್ಲದಾಕಿಗತೆ ಓಣಿ ಓಣಿ ತಿರಗಂಗಿಲ್ಲ ನಾ," ಎಂದು ಘೋಷಿಸಿ ಒಳಗೆ ಹೋದಳು.

ನಾನು ಮಾತ್ರ ನಿಷ್ಠೆಯಿಂದ ನಡೆದೆ. ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ತಲೆ ಸ್ವಲ್ಪ ಬಾಗಿಸಿ, ಸಾಹೇಬರ ಕೋಣೆಗೆ ಹೋಗುವ ಗತಿಯಲ್ಲಿ. ದಿನಾ ಬೆಳಿಗ್ಗೆ ಬುದ್ಧ ಮಲಗಿದಂತೆ ಕಾಣುವ ನಮ್ಮೂರ ಬೆಟ್ಟದ ಕಡೆಗೆ ಮುಖಮಾಡಿ ಹೋಗಿ ಬರುತ್ತಿದ್ದೆ. ವಾಚಿನ ಪ್ರಕಾರ ಮಲಗಿದ್ದವನು ನಾನೇ. ತಾಸುಗಟ್ಟಲೆ ನಡೆದು ಬಂದರೆ ಅದು ಮುನ್ನೂರು ಹೆಜ್ಜೆ ತೋರಿಸುತ್ತಿತ್ತು. ಅದೇ ಹೊತ್ತಿಗೆ ಹೊಸ್ತಿಲು ದಾಟದ ನನ್ನ ಹೆಂಡತಿಯ ಲೆಕ್ಕದಲ್ಲಿ ಎಂಟು ಸಾವಿರ.

"ಅಪ್ಪಾ, ಅವ್ವನ್ನ ನೋಡಿ ಕಲಿ," ಎಂದಳು ಮಗಳು ಫೋನಿನಲ್ಲಿ.

ಕಂಪನಿಗೆ ನನ್ನ ಮೇಲೆ ಏನೋ ದ್ವೇಷವಿದೆ ಎಂದು ನನಗೆ ಖಾತ್ರಿಯಾಯಿತು. ಹಿಟ್ಟಿನ ಡಬ್ಬಿಯ ವಿಷಯ ಅದಕ್ಕೆ ಗೊತ್ತಾಗಿರಬೇಕು. ಹೆಂಡತಿಯ ಮೇಲೂ ಸಂಶಯ ಬಂತು. ಪಕ್ಕದ ಮನೆಯ ಆಡಿನ ಕಾಲಿಗೆ ವಾಚು ಕಟ್ಟಿ ಬಿಟ್ಟಿರಬಹುದೇ ಎಂದು ಎರಡು ದಿನ ಆ ಆಡನ್ನು ಗಮನಿಸಿದೆ. ಅದು ನಿರಪರಾಧಿ.

ಮೂರನೆಯ ದಿನ ಬೆಳಿಗ್ಗೆ ನಡೆಯಲು ಹೋಗದೆ, ಪೇಪರು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಕೂತೆ. ಹೆಂಡತಿ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಖಾನಾವಳಿಗೆ ದಿನಾ ನೂರು ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಅವಳು ಮೊದಲ ಹಿಟ್ಟಿನ ಮುದ್ದೆಯನ್ನು ಹಿಟ್ಟು ನಾದುವ ಕೊಣಮಿಗೆಯಲ್ಲಿ ಮುಂದಕ್ಕೆ ಎಳೆದುಕೊಂಡಾಗ ನನ್ನ ಫೋನಿನಲ್ಲಿ ಅವಳ ಹೆಜ್ಜೆ ನಲವತ್ತಿದ್ದವು. ಬಲಗೈ ಪಟಪಟ ಬಡಿಯತೊಡಗಿತು. ರೊಟ್ಟಿ ಹಂಚಿಗೆ ಹೋಗುವಾಗ ನೂರಿಪ್ಪತ್ತು. ಎರಡನೆಯದು ಹಂಚಿಗೆ ಬಿದ್ದಾಗ ಇನ್ನೂರು. ಒಂದು ರೊಟ್ಟಿಗೆ ಎಂಬತ್ತು ಹೆಜ್ಜೆ.

"ಇವು ಖರೆ ಹೆಜ್ಜಿ ಅಲ್ಲ," ಎಂದೆ.

ಅವಳು ತಲೆ ಎತ್ತಲಿಲ್ಲ. "ಎರಡನೇ ವಾರಕ್ಕ ಗೊತ್ತಾಗ್ಯದ ನನಗ. ಅರ್ಧ ರೊಟ್ಟ್ಯಾಗ ಇದ್ದಾಗ ಜುಮ್ ಅಂದು 'ಶಾಭಾಷ್' ಅಂತದ."

"ಕೂತಲ್ಲೇ ಕೂತೀಯಲ್ಲ ನೀ."

"ನೂರ ರೊಟ್ಟಿ ಬಡದು ನೋಡ್ರಿ. ಆಮ್ಯಾಲ ಕೂತಿದ್ರೋ ನಡದಿದ್ರೋ ಹೇಳ್ರಿ." ಹಂಚಿನ ಮೇಲಿನ ರೊಟ್ಟಿ ತಿರುವಿಹಾಕಿ, "ಮಗಳಿಗಿ ಹೇಳಬ್ಯಾಡ್ರಿ ಮತ್ತ," ಎಂದಳು.

ನಾನು ಹೇಳಲಿಲ್ಲ. ಯಾರೂ ಅರ್ಜಿ ಹಾಕಿರಲಿಲ್ಲ.

ಎರಡು ತಿಂಗಳು ಹೀಗೇ ನಡೆಯಿತು. ಆಮೇಲೆ ಯಾದಗಿರಿಗೆ ತಪಾಸಣೆಗೆ ಹೋದೆವು, ಮಗಳೂ ಬಂದಳು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಅಂಕಿ ಒಂಬತ್ತು ಪಾಯಿಂಟ್ ನಾಲ್ಕು ಬಂದಿತ್ತು. ವೈದ್ಯರು ಕಾಗದ ನೋಡಿ ಹುಬ್ಬು ಗಂಟಿಕ್ಕಿದರು. ಮಗಳು ಅವ್ವನ ಪರ ವಹಿಸಿ ಫೋನನ್ನು ಮುಂದೆ ಹಿಡಿದಳು.

"ದಿನಾ ಎಂಟು ಸಾವಿರ ಹೆಜ್ಜಿ ನಡೀತಾಳ್ರಿ ಸರ್. ಒಂದಿನ ತಪ್ಪಿಸಿಲ್ಲ."

ವೈದ್ಯರು ಬೆರಳಿನಿಂದ ತಿಂಗಳುಗಳನ್ನು ಸರಿಸಿ ಸರಿಸಿ ನೋಡಿದರು. "ಇಷ್ಟ ನಡದೂ ಇಳಿದಿಲ್ಲ ಅಂದ್ರ ಮಾತ್ರಿ ಸಾಲಂಗಿಲ್ಲ ಅಮ್ಮಾರ. ಇವತ್ತಿಂದ ಇನ್ಸುಲಿನ್ ಶುರು ಮಾಡೋಣ. ದಿನಾ ಎರಡು ಸೂಜಿ," ಎಂದು ಪೆನ್ನು ತೆಗೆದರು.

ನನ್ನ ಹೆಂಡತಿ ಹಾವನ್ನು ಹೊಡೆದವಳು. ಸೂಜಿ ಕಂಡರೆ ಮಾತ್ರ ಅವಳ ಕೈಕಾಲು ತಣ್ಣಗಾಗುತ್ತವೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು. ನಿಜ ಹೇಳಿದರೆ ಮಗಳ ಮುಂದೆ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಸೂಜಿ. ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಏನು ಮಾಡಬೇಕೆಂದಾದರೂ ತಿಳಿಯುತ್ತಿತ್ತು. ವೈದ್ಯರ ಪೆನ್ನು ಕಾಗದ ಮುಟ್ಟಿತು.

"ಸಾಹೇಬ್ರ," ಎಂದೆ, "ಅವು ಹೆಜ್ಜಿ ಅಲ್ರಿ. ರೊಟ್ಟಿ."

ಎಲ್ಲವನ್ನೂ ಹೇಳಿದೆ. ವೈದ್ಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಂದ್ರ ಇವರು ನಡದೇ ಇಲ್ಲ?"

"ಇಲ್ರಿ."

"ಒಂದಿನನೂ?"

"ಒಂದಿನ ನಡದೀನ್ರಿ," ಎಂದಳು ಹೆಂಡತಿ. "ತೆಂಗಿನಕಾಯಿ ತಂದೀನಿ."

ವೈದ್ಯರು ಬರೆಯಲು ಹೊರಟಿದ್ದನ್ನು ಹೊಡೆದುಹಾಕಿದರು. ಮೂರು ತಿಂಗಳು ಗಡುವು ಕೊಟ್ಟರು. ಹಳೆಯ ಮಾತ್ರೆಯೇ ಇರಲಿ, ರೊಟ್ಟಿ ಬಡಿಯುವಾಗ ವಾಚು ಬಿಚ್ಚಿಡಬೇಕು, ಕಾಲಿನಿಂದಲೇ ನಡೆಯಬೇಕು; ಅಂಕಿ ಇಳಿಯದಿದ್ದರೆ ಸೂಜಿ ತಪ್ಪುವುದಿಲ್ಲ ಎಂದರು.

ಶಹಾಪುರದ ಬಸ್ಸಿನಲ್ಲಿ ಹೆಂಡತಿ ಒಂದೇ ಮಾತಾಡಿದಳು. "ಅವತ್ತ ಹೋಳಗಿದೂ ನೀವ ಹೇಳೀರಿ. ಇವತ್ತ ಖಾತ್ರಿ ಆತು." ಮುಂದಿನ ನಾಲ್ಕು ದಿನ ಪಾತ್ರೆಗಳ ಸದ್ದಿನ ಮೂಲಕವೇ ವ್ಯವಹಾರ ನಡೆಯಿತು. ಕಂಪನಿ ಹೇಳಿದ ಚಾಡಿ ನನ್ನ ಹೆಸರಿಗೆ ದಾಖಲಾಗಿಹೋಗಿತ್ತು, ತಿದ್ದುಪಡಿಗೆ ಅವಕಾಶವಿರಲಿಲ್ಲ.

ಐದನೆಯ ದಿನ ಖಾನಾವಳಿಯವರು ರೊಟ್ಟಿ ಒಯ್ಯಲು ಎಂದಿನಂತೆ ಬೈಕಿನಲ್ಲಿ ಬಂದರು. ಹೆಂಡತಿ ಅವರನ್ನು ಬಾಗಿಲಲ್ಲೇ ತಡೆದಳು.

"ನಾಳಿಂದ ಬರಬ್ಯಾಡ್ರಿ. ನಾನ ತಂದ್ಕೊಡ್ತೀನಿ."

ಮರುದಿನದಿಂದ ನೂರು ರೊಟ್ಟಿಯನ್ನು ಬುಟ್ಟಿಯಲ್ಲಿ ಜೋಡಿಸಿ, ಬಿಳಿ ಬಟ್ಟೆ ಮುಚ್ಚಿ, ತಲೆಯ ಮೇಲಿಟ್ಟು ಹೊರಟಳು. ಬಸ್‌ಸ್ಟ್ಯಾಂಡಿಗೆ ಹೋಗಿ ಬರಲು ಅವಳ ನಡಿಗೆಯಲ್ಲಿ ಒಂದು ತಾಸು. ನಾನು ಹತ್ತು ಮಾರು ಹಿಂದೆ, ಕೈ ಬೆನ್ನಿಗೆ ಕಟ್ಟಿ.

"ಎಲ್ಲಿಗಿ ಹೊಂಟ್ರಿ ಅಕ್ಕಾರ?"

"ರೊಟ್ಟಿ ಕೊಡಾಕ್ರಿ."

ಎಷ್ಟು ಜನ ಕೇಳಿದರೂ ಒಂದೇ ಉತ್ತರ, ಅದೂ ತಲೆಯೆತ್ತಿ. ಉತ್ತರವಿದ್ದರೆ ಅವಳು ದೂರದ ತಿಂಥಣಿಯ ಜಾತ್ರೆಯವರೆಗೂ ನಡೆಯಬಲ್ಲಳು ಎಂದು ಆಗ ನನಗೆ ತಿಳಿಯಿತು.

ಕಂಪನಿಗೆ ಇದ್ಯಾವುದೂ ತಿಳಿಯಲಿಲ್ಲ. ಅವಳು ಬುಟ್ಟಿಯನ್ನು ಎರಡೂ ಕೈಯಿಂದ ಹಿಡಿದಿರುತ್ತಾಳೆ, ಬಲಗೈ ಅಲ್ಲಾಡುವುದಿಲ್ಲ. ಮೊದಲ ದಿನ ಆ ಇಡೀ ನಡಿಗೆಗೆ ವಾಚು ನಲವತ್ತೊಂದು ಹೆಜ್ಜೆ ತೋರಿಸಿತು, ಎರಡನೆಯ ದಿನ ಇಪ್ಪತ್ತಾರು. ಬರುವಾಗ ಖಾಲಿ ಬುಟ್ಟಿಯನ್ನೂ ಅವಳು ಹಾಗೇ ಹಿಡಿದು ಬರುತ್ತಿದ್ದಳು. ವಾರದೊಳಗೆ ಮಗಳ ಫೋನಿಗೆ ಕಂಪನಿಯಿಂದ ಒಂದು ಕಳಕಳಿಯ ಸಂದೇಶ ಹೋಯಿತು: ನಿಮ್ಮ ಕುಟುಂಬದ ಸದಸ್ಯರೊಬ್ಬರು ಇತ್ತೀಚೆಗೆ ಬಹಳ ಕಡಿಮೆ ಚಲಿಸುತ್ತಿದ್ದಾರೆ.

"ಅಪ್ಪಾ, ಡಾಕ್ಟರ್ ಅಷ್ಟ ಹೇಳಿದ್ರೂ ಅವ್ವ ನಡ್ಯಾಕತ್ತಿಲ್ಲ," ಎಂದಳು ಮಗಳು.

"ನಡ್ಯಾಕತ್ಯಾಳ. ನಾ ಹಿಂದ ಇರ್ತೀನಿ ದಿನಾ."

"ನಿಂದೂ ಮುನ್ನೂರ ಅದ ಅಲ್ಲಪ್ಪಾ. ಫೋನ್ ಸುಳ್ಳ ಹೇಳ್ತದೇನು?"

"ಎರಡು ತಿಂಗಳ ಹೇಳ್ಯದಲ್ಲ."

"ಆವಾಗ ನೀವು ಹೇಳ್ಸಿದ್ರಿ," ಎಂದಳು. ಶಿಕ್ಷಕಿಯರೊಂದಿಗೆ ವಾದ ಗೆಲ್ಲುವುದು ಕಷ್ಟ. "ಹಿಂಗ ಇದ್ರ ಅವ್ವನ್ನ ಸುರಪುರಕ್ಕ ಕರ್ಕೊಂಡ ಹೋಗ್ತೀನಿ. ರೊಟ್ಟಿ ಗಿಟ್ಟಿ ಎಲ್ಲ ಬಂದ್."

ಈ ಮಾತು ಕೇಳಿ ನಾನು ಹೆಂಡತಿಗೆ ಒಂದು ಉಪಾಯ ಹೇಳಿದೆ. ಬುಟ್ಟಿಯನ್ನು ಎಡಗೈಯಲ್ಲಿ ಹಿಡಿದು ಬಲಗೈ ಬೀಸುತ್ತ ನಡೆ ಎಂದೆ.

"ಬುಟ್ಟಿ ಬಿದ್ರ ಕಂಪನಿಯೋರು ಬಂದು ಬಡದು ಕೊಡ್ತಾರೇನು?"

ವಾಚು ಕಟ್ಟಿಕೊಂಡು ನಾಲ್ಕು ರೊಟ್ಟಿಯನ್ನಾದರೂ ಬಡಿ, ಮಗಳಿಗೆ ಸಮಾಧಾನವಾಗಲಿ ಎಂದೆ. ಅವಳು ಕೈಯಲ್ಲಿದ್ದ ಬುಟ್ಟಿಯನ್ನು ಕೆಳಗಿಟ್ಟು ನನ್ನನ್ನು ನೋಡಿದಳು. ದಾಖಲೆ ಕೋಣೆಯ ಗುಮಾಸ್ತನ ಬಾಯಲ್ಲಿ ಇಂಥ ಮಾತು ಬಂದದ್ದಕ್ಕೆ ನನಗೂ ನಾಚಿಕೆಯಾಯಿತು.

"ಸುಳ್ಳ ಹೇಳಿದಾಗ ಅಕಿ ಖುಷಿ ಇದ್ಲು," ಎಂದಳು. "ಖರೆ ನಡದ್ರ ಬಯ್ಯಾಕತ್ಯಾಳ. ಬಯ್ಲಿ. ರಕ್ತಕ್ಕ ಕಂಪನಿ ಇಲ್ಲಲ್ಲ."

ವಾಚು ಬಿಚ್ಚಿ ಕಪಾಟಿನಲ್ಲಿಟ್ಟಳು. ನನ್ನದನ್ನೂ ಕೇಳಿ ಪಡೆದು ಅದರ ಪಕ್ಕಕ್ಕಿಟ್ಟಳು. ಅಂದಿನಿಂದ ಮಗಳ ಫೋನಿನಲ್ಲಿ ನಮ್ಮಿಬ್ಬರ ಹೆಜ್ಜೆ ಸೊನ್ನೆ. ಅವಳು ಎರಡು ಭಾನುವಾರ ಹೇಳದೆ ಕೇಳದೆ ಬಂದಳು. ಎರಡೂ ಸಲ ಮನೆಗೆ ಬೀಗವಿತ್ತು. ಎರಡೂ ಸಲ ಕಟ್ಟೆಯ ಮೇಲೆ ಕಾದು ಕೂತಳು. ಅವ್ವ ಖಾಲಿ ಬುಟ್ಟಿ ಹೊತ್ತು ಬರುವುದನ್ನು ಕಣ್ಣಾರೆ ಕಂಡರೂ, "ಭಾನುವಾರ ಒಂದಿನ ಹೋಗಿರಬೇಕು" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಸಂಶಯ ನನ್ನಿಂದಲೇ ಅವಳಿಗೆ ಬಂದದ್ದು. ದೂರಲು ನನಗೆ ಮುಖವಿರಲಿಲ್ಲ.

ಗಡುವು ಮುಗಿದ ಮೇಲೆ ಮೂವರೂ ಯಾದಗಿರಿಗೆ ಹೋದೆವು. ರಕ್ತ ಕೊಡುವಾಗ ಹೆಂಡತಿ ಕಣ್ಣು ಮುಚ್ಚಿ ನನ್ನ ಅಂಗಿಯ ತೋಳು ಹಿಡಿದುಕೊಂಡಳು. ವರದಿ ಬರುವ ತನಕ ಮಗಳು ಫೋನು ತೆಗೆಯಲಿಲ್ಲ. ವೈದ್ಯರೂ ಕೇಳಲಿಲ್ಲ, ಕಾಗದವನ್ನೇ ನೋಡಿದರು.

ಅಂಕಿ ಏಳು ಪಾಯಿಂಟ್ ಆರಕ್ಕೆ ಇಳಿದಿತ್ತು. ವೈದ್ಯರು ಅದೇ ಮಾತ್ರೆ ಮುಂದುವರಿಸಿದರು, ಇನ್ಸುಲಿನ್ ಬರೆಯಲಿಲ್ಲ. ಅವ್ವನನ್ನು ಸುರಪುರಕ್ಕೆ ಕರೆದೊಯ್ಯುವ ಮಾತನ್ನು ಮಗಳೂ ಮತ್ತೆ ಎತ್ತಲಿಲ್ಲ.