ಅಂಗಾಲು ನೋಡುವ ಹೊತ್ತು

ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಸಬ್ಹಾ ಚಾಪೆ ಮಡಿಸಿದಳೆಂದರೆ ಮಗಳು ನೌಫ್ ಎಲ್ಲಿದ್ದರೂ ಬಂದು ತಗಡಿನ ಮನೆಯ ಬಾಗಿಲಲ್ಲಿ ಕಾಲು ಚಾಚಿ ಕೂರಬೇಕು. ಹದಿನೇಳು ವರ್ಷದಿಂದ ನಡೆದುಬಂದ ಪದ್ಧತಿ. ಕಾಲ್ಬೆರಳ ಸಂದಿಯಿಂದ ಶುರುವಾಗಿ ಅಂಗಾಲು, ಹಿಮ್ಮಡಿ, ಮೊಣಕಾಲು, ಕೈಬೆರಳು, ನಾಲಿಗೆ, ಕೊನೆಗೆ ತಲೆಗೂದಲ ಬುಡ. ಕುರಿ ಕೊಳ್ಳುವವನೂ ಇಷ್ಟು ತಿರುಗಿಸಿ ಮುರುಗಿಸಿ ನೋಡಲಾರ ಎಂದು ಗಂಡ ಸ್ವೇಲಿಂ ಛೇಡಿಸುತ್ತಿದ್ದ.

ನೋಡದೆ ವಿಧಿಯಿರಲಿಲ್ಲ. ನೌಫಳಿಗೆ ಹುಟ್ಟಿನಿಂದಲೇ ನೋವು ಗೊತ್ತಾಗುವುದಿಲ್ಲ, ಬೆವರೂ ಬರುವುದಿಲ್ಲ. ಸಬ್ಹಾ ಮದುವೆಯಾದದ್ದು ದೊಡ್ಡಪ್ಪನ ಮಗನನ್ನೇ. ಇಬ್ಬರ ರಕ್ತದಲ್ಲೂ ಅಡಗಿದ್ದ ದೋಷ ಮಕ್ಕಳಲ್ಲಿ ಒಟ್ಟು ಸೇರಿತು ಎಂದು ಡಾಕ್ಟರು ಹೇಳಿದ್ದರು. ಮೊದಲ ಮಗ ಸಾಲಿಂ ಒಂಬತ್ತು ತಿಂಗಳ ಕೂಸಾಗಿದ್ದಾಗ, ನಕಬ್ ಮರಳುಗಾಡಿನ ಒಂದು ಬೇಸಿಗೆಯ ಮಧ್ಯಾಹ್ನ, ಮೈ ಕಾದು ತೀರಿಕೊಂಡ. ಆಗ ಆ ಕಾಯಿಲೆಗೊಂದು ಹೆಸರಿದೆಯೆಂದೇ ಯಾರಿಗೂ ತಿಳಿದಿರಲಿಲ್ಲ.

ಹಾಗಾಗಿ ಬೇಸಿಗೆಯಿಡೀ ನೌಫಳ ತಲೆಯ ಮೇಲೆ ಒದ್ದೆ ಬಟ್ಟೆ. ಐದನೇ ವಯಸ್ಸಿನಲ್ಲಿ ಅವಳು ಕಾಫಿ ಒಲೆಯ ಕೆಂಡದ ಮೇಲೆ ನಿಂತು ಹರಟುತ್ತಿದ್ದಳು. ವಾಸನೆ ಬಂದ ಮೇಲೆಯೇ ಸಬ್ಹಾಗೆ ಗೊತ್ತಾದದ್ದು. ಎಂಟನೇ ವಯಸ್ಸಿಗೆ, ಒಂದು ಚುಚ್ಚಿಗೆ ಒಂದು ಚಾಕಲೇಟಿನಂತೆ, ಶಾಲೆಯ ಮಕ್ಕಳ ಮುಂದೆ ಕೈಗೆ ಪಿನ್ನು ಚುಚ್ಚಿಸಿಕೊಂಡು ವ್ಯಾಪಾರಕ್ಕೇ ಇಳಿದಿದ್ದಳು. ಆ ದಿನ ಸಬ್ಹಾ ಹೊಡೆಯಲು ಎತ್ತಿದ ಕೈಯನ್ನು ಹಾಗೇ ಇಳಿಸಿದಳು. ಹೊಡೆದರೆ ಇವಳಿಗೇನು ಗೊತ್ತಾಗಬೇಕು?

ಈಗ ನೌಫಳಿಗೆ ಬೀರ್ ಸಬ ಪಟ್ಟಣದಲ್ಲಿ ಔಷಧಿ ಅಂಗಡಿ ಕೆಲಸ ಕಲಿಸುವ ಎರಡು ವರ್ಷದ ಕೋರ್ಸಿಗೆ ಸೀಟು ಸಿಕ್ಕಿತ್ತು. ಸೋದರತ್ತೆ ಹಮ್ದಾಳ ಮನೆಯಲ್ಲಿದ್ದುಕೊಂಡು ಗುರುವಾರಕ್ಕೊಮ್ಮೆ ಊರಿಗೆ ಬರಬಹುದಿತ್ತು. ಸಬ್ಹಾ ಒಪ್ಪಲಿಲ್ಲ.

“ಅಲ್ಲಿ ನಿನ್ನನ್ನ ನೋಡೋರು ಯಾರೇ? ನಿಮ್ಮತ್ತೆಗೆ ತನ್ನ ಕನ್ನಡಕ ಎಲ್ಲಿದೆ ಅಂತ್ಲೇ ಗೊತ್ತಿರಲ್ಲ.”

“ನಾನೇ ನೋಡ್ಕೋತೀನಮ್ಮ. ಕನ್ನಡಿ ಇದೆ, ಕಣ್ಣಿದೆ.”

“ಕನ್ನಡಿ ನಂಬ್ಕೊಂಡು ಮಗಳನ್ನ ಕಳಿಸ್ಲಾ?”

ಸ್ವೇಲಿಂ ನಡುವೆ ಬಾಯಿ ಹಾಕಿದ. “ಒಂದು ವಾರ ದಿನಾ ಮೊದಲು ಅವಳೇ ನೋಡ್ಕೊಳ್ಳಿ, ಆಮೇಲೆ ನೀನು ನೋಡು. ಒಂದು ಗಾಯಾನೂ ಬಿಟ್ಟಿಲ್ಲ ಅಂದ್ರೆ ಹೋಗ್ಲಿ. ಬಿಟ್ಟಿದ್ರೆ ಇಲ್ಲೇ ಇರ್ಲಿ.”

ಇಬ್ಬರೂ ಒಪ್ಪಿದರು. ಆರು ದಿನ ನೌಫ್ ಒಂದನ್ನೂ ಬಿಡಲಿಲ್ಲ. ಮೊಣಕೈಯ ತರಚು, ಬೆರಳ ತುದಿಯ ಬೊಬ್ಬೆ, ಕೆನ್ನೆಯೊಳಗೆ ಹಲ್ಲು ಕಚ್ಚಿದ ಗಾಯ, ಎಲ್ಲವನ್ನೂ ತಾನೇ ಹೇಳಿ ಮುಲಾಮು ಹಚ್ಚಿಕೊಂಡು ಕೂತಿರುತ್ತಿದ್ದಳು. ಸಬ್ಹಾಗೆ ಒಳಗೊಳಗೇ ಹೆಮ್ಮೆ, ಹೆಮ್ಮೆಗಿಂತ ಹೆಚ್ಚು ಭಯ. ಮಗಳು ಏನಾದರೂ ಬಿಡಲಿ ಎಂದು ಮನಸ್ಸು ಬಯಸಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ಏಳನೇ ದಿನ “ಇವತ್ತು ಏನೂ ಇಲ್ಲಮ್ಮ” ಎನ್ನುತ್ತಾ ನೌಫ್ ಕಾಲು ಚಾಚಿದಳು. ಸಬ್ಹಾ ಹಿಮ್ಮಡಿಯ ಬಿರುಕನ್ನು ಬೆರಳಲ್ಲಿ ಅಗಲಿಸಿದಳು. ಒಳಗೆ ಜಾಲಿಮುಳ್ಳಿನ ತುದಿ ಮುರಿದು ಕೂತಿತ್ತು.

ಸೂಜಿಯಿಂದ ಅದನ್ನು ತೆಗೆದು ಅಂಗೈ ಮೇಲಿಟ್ಟು ತೋರಿಸಿದಳು. ಗೆದ್ದವಳು ಅವಳೇ, ಆದರೂ ಮಗಳ ಮುಖ ನೋಡದೆ ಹಿಮ್ಮಡಿಗೆ ಮುಲಾಮು ಹಚ್ಚಿದಳು. ನೌಫ್ ಕಾಲು ಹಿಂದಕ್ಕೆಳೆದುಕೊಂಡಳು.

“ಸರಿ, ಸೋತೆ. ಈಗ ನಿನ್ನ ಕಾಲು ಕೊಡು.”

“ನನ್ನ ಕಾಲ್ಯಾಕೆ?”

“ಕೋರ್ಸಂತೂ ಹೋಯ್ತು. ನಂಗೂ ಏನಾದ್ರೂ ಕೆಲಸ ಬೇಕಲ್ಲ, ಕೊಡಮ್ಮ.”

“ಥೂ, ಮಗಳ ಮುಖಕ್ಕೆ ಅಂಗಾಲು ತೋರಿಸ್ಲಾ? ಬೈದ ಹಾಗಾಗುತ್ತೆ ಕಣೆ. ಕ್ಲಿನಿಕ್ಕಿನ ನರ್ಸಮ್ಮ ಕೇಳಿದ್ರೂ ನಾನು ತೋರಿಸಿಲ್ಲ.”

ನೌಫ್ ಕೇಳುವವಳೇ ಅಲ್ಲ. ಕಾಲ್ಚೀಲ ಎಳೆದೇಬಿಟ್ಟಳು. ಕಿರುಬೆರಳ ಬುಡದಲ್ಲಿ ಅಲಸಂದೆ ಕಾಳಿನಷ್ಟು ಗಾಯ. ಅಂಚು ಕಪ್ಪಾಗಿತ್ತು, ಒಳಗೆ ಕೀವು.

“ಇದು ಯಾವಾಗಾಯ್ತು?”

“ಯಾವುದು?”

ನೌಫ್ ಗಾಯದ ಪಕ್ಕ ಬೆರಳಿಟ್ಟು ಒತ್ತಿದಳು. “ನೋಯ್ತಾ?”

ಸಬ್ಹಾ ಉಸಿರು ಬಿಗಿಹಿಡಿದು ಕಾದಳು. ಏನೂ ಗೊತ್ತಾಗಲಿಲ್ಲ. “ಇಲ್ಲ” ಎಂದಳು.

ಸಬ್ಹಾಗೆ ಸಕ್ಕರೆ ಕಾಯಿಲೆ ಬಂದು ಎಂಟು ವರ್ಷ. ದಿನಾ ಕಾಲು ನೋಡಿಕೊಳ್ಳಿ ಎಂದು ಕ್ಲಿನಿಕ್ಕಿನಲ್ಲಿ ಹೇಳಿದಾಗಲೆಲ್ಲ ತಲೆಯಾಡಿಸಿ ಬಂದಿದ್ದಳು. ಮಗಳ ಕಾಲು ನೋಡುವ ಹೊತ್ತಿನಲ್ಲಿ ತನಗೂ ಕಾಲಿದೆಯೆಂಬುದೇ ಅವಳಿಗೆ ಮರೆತುಹೋಗಿತ್ತು.

ಮರುದಿನ ಕ್ಲಿನಿಕ್ಕಿನಲ್ಲಿ ಗಾಯ ತೊಳೆದು ಕಟ್ಟು ಹಾಕಿದರು. ಇನ್ನು ಹತ್ತು ದಿನ ಬಿಟ್ಟಿದ್ದರೆ ಬೆರಳು ಉಳಿಯುತ್ತಿರಲಿಲ್ಲ ಎಂದಳು ನರ್ಸು. ಮನೆಯ ಹತ್ತಿರ ಬಂದಾಗ ಸಬ್ಹಾ ಮಗಳ ಕೈ ಹಿಡಿದು ನಿಲ್ಲಿಸಿದಳು.

“ನೀನು ಬಿಟ್ಟೆ ಅಂತ ನಿನ್ನನ್ನ ಕೂಡಿಹಾಕಿದ್ರೆ, ನನ್ನನ್ನೂ ಕೂಡಿಹಾಕ್ಬೇಕಾಗುತ್ತೆ. ಹೋಗು. ಆದ್ರೆ ಅಸರ್ ಹೊತ್ತಿಗೆ ದಿನಾ ಫೋನಲ್ಲಿ ಮುಖ ತೋರಿಸ್ಬೇಕು.”

“ಮುಖ ಯಾಕಮ್ಮ? ಕಾಲು.”

ಭಾನುವಾರ ನೌಫ್ ಹೋದಳು. ಅಸರ್ ಮುಗಿದ ಮೇಲೆ ಸಬ್ಹಾ ಬಾಗಿಲಲ್ಲಿ ಒಬ್ಬಳೇ ಕೂತು, ಫೋನನ್ನು ಕಾಫಿ ಪಾತ್ರೆಗೆ ಒರಗಿಸಿದಳು. ಖಾಲಿ ಜಾಗ ನೋಡಿ ಕಣ್ಣು ತುಂಬಿತು. ಅಷ್ಟರಲ್ಲಿ ಮಗಳ ಮುಖ ಮೂಡಿತು.

“ಹಿಮ್ಮಡಿ ತೋರ್ಸೇ,” ಎಂದಳು ಸಬ್ಹಾ.

“ಮೊದಲು ನಿಂದು.”

ಸಬ್ಹಾ ಅತ್ತಿತ್ತ ನೋಡಿದಳು. ಆಮೇಲೆ ಕಾಲ್ಚೀಲ ಬಿಚ್ಚಿ, ಎರಡೂ ಅಂಗಾಲನ್ನು ಮಗಳ ಮುಖದೆದುರು ಎತ್ತಿ ಹಿಡಿದಳು.