ಅವಸರದಕ್ಕನ ಕತ್ತಾಳೆ

ಟೈರ್ ಅಂಗಡಿಯ ಪಕ್ಕದ ನರ್ಸರಿಯವಳನ್ನು ಎಲ್ಲರೂ ಅವಸರದಕ್ಕ ಅಂತಲೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದನ್ನು ಕರೆದು ಮುಗಿಸುವಷ್ಟರಲ್ಲಿ ಅವಳು ಅಲ್ಲಿಂದ ಮಾಯ. ಚಹಾ ಕುಡಿದರೆ ನಿಂತೇ, ಅದೂ ನಾಲಿಗೆ ಸುಟ್ಟುಕೊಂಡೇ. ಇವತ್ತು ಕಡ್ಡಿ ನೆಟ್ಟರೆ ನಾಳೆ ಬೆಳಗ್ಗೆ ಕಿತ್ತು, ಬೇರು ಬಂತಾ ಅಂತ ನೋಡಿ, ಮತ್ತೆ ಚುಚ್ಚಬೇಕು. ಗುಲಾಬಿ, ದಾಸವಾಳ ಹೇಗೋ ಸಹಿಸಿಕೊಂಡವು. ಕತ್ತಾಳೆ ಸಹಿಸಲಿಲ್ಲ.

ಆ ಕತ್ತಾಳೆ ಅತ್ತೆಯದು. ನರ್ಸರಿ ಕಟ್ಟಿದವರೇ ಅತ್ತೆ. ಎಲೆಯ ಅಂಚಿಗೆ ಹಳದಿ ಪಟ್ಟಿಯಿದ್ದ ಅಂಥ ಗಿಡ ಅವರ ಬಳಿ ಅದೊಂದೇ. ಬುಡದಲ್ಲಿ ಎದ್ದ ಮರಿಯನ್ನು ಕೊಯ್ದು, ಗಾಯ ಒಣಗಿ ಗಟ್ಟಿಯಾಗುವವರೆಗೆ ನೆರಳಲ್ಲಿಟ್ಟು, ಆಮೇಲೆ ಒಣ ಮರಳಲ್ಲಿ ಊರಬೇಕು ಎಂದು ಅವರು ಬಾಯಿ ನೋಯುವಷ್ಟು ಹೇಳಿದ್ದರು. ಸೊಸೆ ಕೊಯ್ದ ಕೈಯಲ್ಲೇ ನೆಟ್ಟಳು, ನೀರು ಹುಯ್ದಳು, ದಿನಾ ಕಿತ್ತು ನೋಡಿದಳು. ಇದ್ದಬದ್ದ ಮರಿಗಳೆಲ್ಲ ಕೊಳೆತವು. ಅತ್ತೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಈಗ ನೋಡಿದರೆ ತಾಯಿಗಿಡದ ನಡುವಿನಿಂದ ಹೂವಿನ ಕಂಬ ಎದ್ದುಬಿಟ್ಟಿತ್ತು. ಕತ್ತಾಳೆ ಹೂ ಬಿಡುವುದು ಒಂದೇ ಸಲ, ಬಿಟ್ಟ ಮೇಲೆ ಸಾಯುತ್ತದೆ. ಹೂ ಉದುರಿದ ಮೇಲೆ ಕಂಬದ ತುದಿಯಲ್ಲಿ ಮೂಡುವ ಪುಟ್ಟ ಮರಿಗಳನ್ನು ಬಿಟ್ಟರೆ ಆ ಗಿಡದ ಕುಡಿ ಉಳಿಯಲು ಬೇರೆ ದಾರಿ ಇರಲಿಲ್ಲ.

"ಬಲಿಯೋಕೆ ಮುಂಚೆ ಕೈ ಹಾಕಿದ್ಯೋ, ಅವೂ ಹೋದ್ವು ಅಂತ ತಿಳ್ಕೊ," ಅಂದರು ಅತ್ತೆ, ಹಿತ್ತಲ ಕಿಟಕಿಯ ಬಳಿಯ ಕುರ್ಚಿಯಿಂದಲೇ. "ತಾವಾಗೇ ಉದುರ್ಬೇಕು."

ತನ್ನ ಕೈಯ ಮೇಲೆ ಅವಳಿಗೇ ನಂಬಿಕೆಯಿರಲಿಲ್ಲ. ಕಂಬದ ತುದಿ ಎಟುಕಬೇಕೆಂದರೆ ಏಣಿ ಬೇಕು; ಅದನ್ನೇ ಹೊತ್ತೊಯ್ದು ಟೈರ್ ಅಂಗಡಿಯವನಿಗೆ ಕೊಟ್ಟಳು. "ನಾನೇ ಬಂದು ಕೇಳಿದ್ರೂ ಕೊಡ್ಬೇಡಣ್ಣ."

ಮರುದಿನವೇ ಕೇಳಿದಳು. ಬಲ್ಬ್ ಹೋಗಿದೆ ಅಂದಳು. ಅವನು ಜಗ್ಗದಿದ್ದಾಗ, ಸೂರು ಸೋರುತ್ತಿದೆ ಅಂದಳು.

"ಮಳೆ ಎಲ್ಲಿದೆಯಕ್ಕ?" ಅಂದ ಅವನು, ಟ್ಯೂಬನ್ನು ನೀರಲ್ಲಿ ಮುಳುಗಿಸುತ್ತ.

ಮೈಯೆಲ್ಲ ಉರಿದುಹೋಯಿತು ಅವಳಿಗೆ. ಗಿರಾಕಿಗಳನ್ನೂ ಬಿಟ್ಟು, ಮುಖ ಮೇಲೆತ್ತಿಕೊಂಡು ಕಂಬದ ಸುತ್ತ ಸುತ್ತಿದ್ದೇ ಸುತ್ತಿದ್ದು. ಕತ್ತು ಹಿಡಿದುಕೊಂಡಿತು, ಊಟ ಸೇರಲಿಲ್ಲ. ತಿಂಗಳುಗಳು ಕಳೆದವು, ಹೂ ಉದುರಿ ತುದಿಯಲ್ಲಿ ಮರಿಗಳು ಮೂಡಿದವು, ತಾಯಿಗಿಡ ಬುಡದಿಂದ ಬಾಡುತ್ತ ಬಂತು.

ಒಂದು ಮಧ್ಯಾಹ್ನ ಬಿರುಗಾಳಿ ಬೀಸಿ ಕಂಬವೇ ಮುರಿದು ರಸ್ತೆಗೆ ಬಿತ್ತು. ಅವಳು ಓಡಿ ಹೋಗುವಷ್ಟರಲ್ಲಿ ಅದರ ಮೇಲೆ ಲಾರಿ ಹರಿದಿತ್ತು. ಒಂದು ಮರಿಯೂ ನೆಟ್ಟಗೆ ಉಳಿಯಲಿಲ್ಲ. ಜಜ್ಜಿದ ಹಸಿರನ್ನು ಸೆರಗಲ್ಲಿ ಕಟ್ಟಿಕೊಂಡು ಬಂದು ಅತ್ತೆಯ ಮುಂದೆ ನಿಂತಳು.

"ಎಲ್ಲಾ ಹೋಯ್ತು ಅತ್ತೆ. ನಿಮ್ಮ ಗಿಡಾನ ನಾನೇ ಕೊಂದೆ."

ಅತ್ತೆ ಕಿಟಕಿಯಾಚೆ ಕೈ ತೋರಿಸಿದರು. "ಜಲ್ಲಿ ರಾಶಿ ಹಿಂದೆ ಹೋಗಿ ನೋಡು. ಮೊದಲೇ ಒಂದಷ್ಟು ಮರಿ ಗಾಳಿಗೆ ಉದುರಿ ಅಲ್ಲಿ ಬಿದ್ದಿದ್ವು."

ಜಲ್ಲಿ ರಾಶಿಯ ಹಿಂದೆ, ಅವಳು ಯಾವತ್ತೂ ಕಾಲಿಡದ ಮೂಲೆಯಲ್ಲಿ, ಹಳದಿ ಅಂಚಿನ ಮರಿಗಳು ಸೆಟೆದು ನಿಂತಿದ್ದವು. ಇಷ್ಟು ದಿನ ಅವಳು ನೋಡಿದ್ದೆಲ್ಲ ಮೇಲಕ್ಕೇ.

"ಮೊದಲೇ ಯಾಕೆ ಹೇಳ್ಲಿಲ್ಲ ನೀವು?"

"ಹೇಳಿದ್ರೆ ನೀನು ಕಿತ್ತು ನೋಡ್ತಿದ್ದೆ."

ಅವಳ ಕೈ ಆಗಲೇ ಒಂದು ಮರಿಯನ್ನು ಹಿಡಿದು ಎಳೆಯುತ್ತಿತ್ತು. ಅದು ಅಲುಗಲಿಲ್ಲ. ಇನ್ನೊಮ್ಮೆ ಎಳೆದಳು. ಮುಳ್ಳು ಚುಚ್ಚಿ ರಕ್ತ ಬಂತೇ ಹೊರತು ಗಿಡ ಬರಲಿಲ್ಲ. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

"ಸಾಕು, ಬಿಡೇ ಅದನ್ನ," ಅಂದರು ಅತ್ತೆ.

ಬಿಟ್ಟಳು. ಅಲ್ಲೇ ಜಲ್ಲಿಯ ಮೇಲೆ ಕೂತಳು. ಅತ್ತೆ ಕಿಟಕಿಯಿಂದ ಚಹಾದ ಲೋಟ ನೀಡಿದರು. ಅದು ಅವಳ ಕೈಯಲ್ಲೇ ಆರಿ ತಣ್ಣಗಾಯಿತು.